ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ಮನಸ್ಸಿನ ಮಾತ್ರೆಯೂ

ನಮ್ಮವರ ಮನೆಗಳಲ್ಲಿ ಕಾಯಿಲೆಗಳಿಗೂ ಮೇಲು ಕೀಳೆಂಬ ಭೇದವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವು ಮರ್ಯಾದಸ್ಥ ಕಾಯಿಲೆಗಳು. ಯುಗಾದಿಯ ಊಟಕ್ಕೆ ನಾಲ್ಕು ಮನೆಯವರು ಸೇರಿದಾಗ ಅವುಗಳ ಬಗೆಗೆ ಧಾರಾಳವಾಗಿ ಮಾತನಾಡಬಹುದು. ಯಾರ ಸಕ್ಕರೆ ಎಷ್ಟು, ಯಾರಿಗೆ ಯಾವ ಮಾತ್ರೆ ಎಂಬುದು ಹೋಳಿಗೆ ಬಡಿಸುವವರಿಗೂ ಗೊತ್ತಿರುತ್ತದೆ. ಆದರೆ ಖಿನ್ನತೆಗಾಗಿ ತೆಗೆದುಕೊಳ್ಳುವ ಮಾತ್ರೆಯ ಪೊಟ್ಟಣ ಮಾತ್ರ ಬೀರುವಿನಲ್ಲಿ ಮಡಿಸಿಟ್ಟ ಸೀರೆಗಳ ಹಿಂದೆ ಸೇರಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಗುಟ್ಟಿನ ಜೊತೆಗೆ ಮತ್ತೊಂದು ಗುಟ್ಟು ಬಂದು ಸೇರಿದೆ. ಅದು ತೂಕ ಇಳಿಸುವ ಶಸ್ತ್ರಚಿಕಿತ್ಸೆ. ಅದನ್ನು ಮಾಡಿಸಿಕೊಂಡವರು ಪಿತ್ತಕೋಶದ ಕಲ್ಲು ತೆಗೆಸಿದೆವೆಂದೋ ಹರ್ನಿಯಾ ಎಂದೋ ಹೇಳಿ ಮಾತು ಮುಗಿಸುವುದನ್ನು ನಾನು ಕೇಳಿದ್ದೇನೆ.

ಈ ಎರಡು ಗುಟ್ಟುಗಳು ಒಂದೇ ದೇಹದಲ್ಲಿ ಕೂಡಿದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ಇದು ಅಪರೂಪದ ಸಂಗತಿಯೇನಲ್ಲ. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2016ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಖಿನ್ನತೆಯಿರುತ್ತದೆಂದು ಅದು ಹೇಳಿತು. ಅಂದರೆ ಸರತಿಯಲ್ಲಿ ಕುಳಿತ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು. ಹೀಗಿರುವಾಗ ಆ ಒಬ್ಬರು ನುಂಗುವ ಮಾತ್ರೆ ಶಸ್ತ್ರಚಿಕಿತ್ಸೆಯ ನಂತರ ಏನಾಗುತ್ತದೆ ಎಂಬ ಪ್ರಶ್ನೆ ಸಣ್ಣದಲ್ಲ.

ನಾನು ವೈದ್ಯಳಲ್ಲ, ಕಲಾ ವಿಭಾಗದಲ್ಲಿ ಪದವಿ ಪಡೆದು, ಕೊವೆಂಟ್ರಿಯಲ್ಲಿ ಬಹುಕಾಲದಿಂದ ಸಂಸಾರ ಮಾಡಿಕೊಂಡಿರುವ ಗೃಹಿಣಿ. ಈ ಎರಡೂ ಚಿಕಿತ್ಸೆಗಳು ನನ್ನ ಪಾಲಿಗೆ ಬಂದದ್ದರಿಂದ ವೈದ್ಯರನ್ನು ಕೇಳಿ, ಔಷಧದ ಅಂಗಡಿಯ ಫಾರ್ಮಸಿಸ್ಟರನ್ನು ಕಾಡಿ, ಪ್ರಕಟವಾದ ಸಂಶೋಧನೆಗಳನ್ನು ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇದನ್ನು ಓದಿ ಯಾರೂ ತಮ್ಮ ಮಾತ್ರೆಯ ಪ್ರಮಾಣವನ್ನು ತಾವೇ ಹೆಚ್ಚು ಕಡಿಮೆ ಮಾಡಿಕೊಳ್ಳಬಾರದೆಂದು ಮೊದಲೇ ವಿನಂತಿಸುತ್ತೇನೆ.

ಕರುಳಿನ ಹೊಸ ದಾರಿ

ಹೊಟ್ಟೆಯ ದಾರಿಯನ್ನೇ ಬದಲಿಸುವ ‘ಗ್ಯಾಸ್ಟ್ರಿಕ್ ಬೈಪಾಸ್’ ಕ್ರಮವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅವರು ಸಹೋದ್ಯೋಗಿ ಇಟೊ ಅವರೊಡನೆ ರೂಪಿಸಿ 1967ರಲ್ಲಿ ಪ್ರಕಟಿಸಿದರು. ಇಂದು ರೂಢಿಯಲ್ಲಿರುವ ಬೈಪಾಸಿನಲ್ಲಿ ಕರುಳನ್ನು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಜೋಡಿಸುತ್ತಾರೆ. ಆ ಜೋಡಣೆಗೆ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದ ಸೆಸಾರ್ ರೂ ಎಂಬ ಶಸ್ತ್ರವೈದ್ಯರ ಹೆಸರಿದೆ.

ಸಾಮಾನ್ಯವಾಗಿ ಒಂದು ಲೀಟರಿಗೂ ಹೆಚ್ಚು ಹಿಡಿಯಬಲ್ಲ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವಷ್ಟು ಪುಟ್ಟ ಚೀಲವೊಂದನ್ನು ಬೇರ್ಪಡಿಸುತ್ತಾರೆ. ನಮ್ಮ ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಎರಡು ದೊಡ್ಡ ಚಮಚದಷ್ಟು. ಆ ಚೀಲಕ್ಕೆ ಸಣ್ಣ ಕರುಳಿನ ಕೆಳಗಿನ ಒಂದು ಭಾಗವನ್ನು ತಂದು ಹೊಲಿಯುತ್ತಾರೆ. ಉಳಿದ ದೊಡ್ಡ ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗ ದೇಹದಲ್ಲಿಯೇ ಇರುತ್ತವೆ, ಆದರೆ ಅನ್ನ ಆ ದಾರಿಯಲ್ಲಿ ಹಾದುಹೋಗುವುದಿಲ್ಲ. ಪಿತ್ತರಸವೂ ಮೇದೋಜೀರಕ ರಸವೂ ಮುಂದೆಲ್ಲೋ ಹೋಗಿ ಅನ್ನವನ್ನು ಕೂಡಿಕೊಳ್ಳುತ್ತವೆ. ಇನ್ನೊಂದು ಕ್ರಮವಾದ ‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂಥ ಕೊಳವೆಯನ್ನು ಉಳಿಸುತ್ತಾರೆ. ಅಲ್ಲಿ ಕರುಳಿನ ದಾರಿ ಬದಲಾಗುವುದಿಲ್ಲ.

ಈ ಚಿಕಿತ್ಸೆ ನಮ್ಮವರಿಗೆ ದೂರದ ಮಾತಲ್ಲ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆಯ ಪ್ರಕಾರ, ತೂಕ ಮತ್ತು ಎತ್ತರದ ಅನುಪಾತವಾದ ಬಿ.ಎಂ.ಐ. 40 ಮುಟ್ಟಿದವರನ್ನು, ಅಥವಾ 35 ದಾಟಿದ್ದು ತೂಕ ಇಳಿದರೆ ಸುಧಾರಿಸುವಂಥ ಕಾಯಿಲೆ ಇರುವವರನ್ನು ಈ ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಕಳುಹಿಸಬಹುದು. ದಕ್ಷಿಣ ಏಷ್ಯಾ ಮೂಲದವರಿಗೆ ಈ ಅಂಕಿಗಳಿಂದ 2.5 ಕಳೆದು ಲೆಕ್ಕ ಹಾಕಬೇಕೆಂದೂ ಅದು ಹೇಳುತ್ತದೆ. ಏಕೆಂದರೆ ಸಕ್ಕರೆ ಕಾಯಿಲೆ ನಮ್ಮನ್ನು ಕಡಿಮೆ ತೂಕದಲ್ಲಿಯೇ ಹಿಡಿಯುತ್ತದೆ. ಎಷ್ಟೋ ಮಂದಿಗೆ ಈ ಶಸ್ತ್ರಚಿಕಿತ್ಸೆಯಿಂದ ಸಕ್ಕರೆ ಹತೋಟಿಗೆ ಬಂದಿದೆ, ಮಂಡಿಗಳು ಹಗುರಾಗಿವೆ. ನನಗೂ ಹಾಗೆಯೇ ಆಯಿತು. ಆದ್ದರಿಂದ ಈ ಲೇಖನ ಶಸ್ತ್ರಚಿಕಿತ್ಸೆಯ ವಿರುದ್ಧದ ದೂರೆಂದು ಯಾರೂ ಭಾವಿಸಬಾರದು.

ಮಾತ್ರೆಯ ಪ್ರಯಾಣ

ಖಿನ್ನತೆಗೆ ಔಷಧವಿದೆಯೆಂಬ ಅರಿವು ಬಂದದ್ದೇ ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಯಝಿಡ್ ಎಂಬ ಔಷಧ ಕೊಟ್ಟಾಗ ಅವರ ಮನಸ್ಸು ಉಲ್ಲಾಸಗೊಂಡದ್ದನ್ನು ವೈದ್ಯರು ಗಮನಿಸಿದರು. 1957ರಲ್ಲಿ ಸ್ವಿಟ್ಸರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್ ಇಮಿಪ್ರಮಿನ್ ಔಷಧದ ಗುಣವನ್ನು ಪ್ರಕಟಿಸಿದರು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲೂಕ್ಸೆಟಿನ್‌ಗೆ ಅನುಮತಿ ದೊರೆಯಿತು. ಸರ್ಟ್ರಲಿನ್, ಸಿಟಲೊಪ್ರಾಮ್, ಎಸ್ಸಿಟಲೊಪ್ರಾಮ್ ಮೊದಲಾದವು ಅದೇ ಕುಲಕ್ಕೆ ಸೇರಿದವು.

ಈ ಔಷಧಗಳೆಲ್ಲ ಮನಸ್ಸಿನ ಮೇಲೆ ಕೆಲಸ ಮಾಡುವುದು ನಿಜವಾದರೂ ಅವು ಅಲ್ಲಿಗೆ ತಲುಪುವುದು ಹೊಟ್ಟೆಯ ಮೂಲಕ. ಮಾತ್ರೆ ಮೊದಲು ಜಠರದಲ್ಲಿ ಕರಗಬೇಕು. ಅದಕ್ಕೆ ಅಲ್ಲಿನ ಆಮ್ಲ ಮತ್ತು ಅಲುಗಾಟ ನೆರವಾಗುತ್ತವೆ. ಕರಗಿದ್ದು ಸಣ್ಣ ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಸೇರಿ, ಯಕೃತ್ತನ್ನು ಹಾದು, ಆಮೇಲೆ ಮೆದುಳನ್ನು ಮುಟ್ಟಬೇಕು. ಬೈಪಾಸ್ ಆದವರಲ್ಲಿ ಕರಗುವ ಜಾಗ ಪುಟ್ಟದಾಗಿರುತ್ತದೆ, ಆಮ್ಲ ಕಡಿಮೆ, ಹೀರುವ ಕರುಳಿನ ಉದ್ದವೂ ಕಡಿಮೆ. ಹೀಗಾಗಿ ದಿನವೂ ತಪ್ಪದೆ ನುಂಗಿದ ಮಾತ್ರೆಯಲ್ಲಿ ಎಷ್ಟು ಪಾಲು ರಕ್ತಕ್ಕೆ ಸೇರಿತೆಂಬುದನ್ನು ಹಳೆಯ ಲೆಕ್ಕದಿಂದ ಹೇಳಲಾಗುವುದಿಲ್ಲ.

ಇದನ್ನು ಪರೀಕ್ಷಿಸಿದವರಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಾಮಾನ್ಯ ಹೊಟ್ಟೆಯನ್ನೂ ಬೈಪಾಸ್ ಆದ ಹೊಟ್ಟೆಯನ್ನೂ ಹೋಲುವ ದ್ರಾವಣಗಳಲ್ಲಿ 22 ಬಗೆಯ ಮನೋರೋಗದ ಔಷಧಗಳನ್ನು ಹಾಕಿ ನೋಡಿದರು. ಬೈಪಾಸಿನ ಮಾದರಿಯಲ್ಲಿ ಹತ್ತು ಔಷಧಗಳು ಮೊದಲಿಗಿಂತ ಕಡಿಮೆ ಕರಗಿದವು. ಎರಡು ಹೆಚ್ಚು ಕರಗಿದವು. 2012ರಲ್ಲಿ ಸರ್ಟ್ರಲಿನ್ ಬಗೆಗೆ ನಡೆದ ಪುಟ್ಟ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ ಐವರನ್ನೂ ಆಗದ ಐವರನ್ನೂ ಹೋಲಿಸಿದಾಗ, ಒಂದೇ ಪ್ರಮಾಣದ ಮಾತ್ರೆಯಿಂದ ಮೊದಲಿನವರ ರಕ್ತಕ್ಕೆ ಸೇರಿದ ಔಷಧ ಎರಡನೆಯವರ ಅರ್ಧಕ್ಕಿಂತಲೂ ಕಡಿಮೆಯಿತ್ತು.

ಅದೇ 2012ರಲ್ಲಿ ಅಮೆರಿಕದ ಮನೋವೈದ್ಯ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯವೆನಿಸಿತು. ಈ ಕುಲದ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದ 12 ಮಂದಿಯ ರಕ್ತವನ್ನು ಬೈಪಾಸಿಗೆ ಮೊದಲೂ ಆಮೇಲೂ ಪರೀಕ್ಷಿಸಿದರು. ಒಂದು ತಿಂಗಳ ಹೊತ್ತಿಗೆ ಎಂಟು ಮಂದಿಯಲ್ಲಿ ಔಷಧದ ಮಟ್ಟ ಸರಾಸರಿ ಹಿಂದಿನದರ ನೂರಕ್ಕೆ 54ಕ್ಕೆ ಇಳಿದಿತ್ತು. ಆರು ತಿಂಗಳಾಗುವ ವೇಳೆಗೆ ಆ ಎಂಟರಲ್ಲಿ ಆರು ಮಂದಿಯಲ್ಲಿ ಅದು ಮತ್ತೆ ಹಿಂದಿನ ಮಟ್ಟಕ್ಕೆ, ಕೆಲವರಲ್ಲಿ ಅದಕ್ಕೂ ಮೇಲಕ್ಕೆ ಏರಿತ್ತು. ಹನ್ನೆರಡರಲ್ಲಿ ನಾಲ್ವರ ಖಿನ್ನತೆ ಈ ನಡುವೆ ಉಲ್ಬಣಿಸಿತ್ತು. ವರ್ಷದೊಳಗೆ ಮೂವರು ಚೇತರಿಸಿಕೊಂಡರು. ಕರುಳು ಹೊಸ ದಾರಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮೊದಲ ಕೆಲವು ತಿಂಗಳುಗಳನ್ನು ಎಚ್ಚರದಿಂದ ದಾಟಬೇಕೆಂಬುದೂ ತಿಳಿಯುತ್ತದೆ. ಇವು ಪುಟ್ಟ ಅಧ್ಯಯನಗಳು, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವೂ ಬಹಳ. ಆದರೆ ಎಲ್ಲಕ್ಕೂ ಒಂದೇ ಮಾತನ್ನು ಅನ್ವಯಿಸಲಾಗದೆಂಬುದೇ ಇವು ಕಲಿಸುವ ಪಾಠ.

ನಾನು ಕಂಡದ್ದು

2017ರಲ್ಲಿ ಮೈಸೂರಿನಲ್ಲಿ ನನ್ನ ತಾಯಿ ತೀರಿಕೊಂಡ ಮೇಲೆ ನನಗೆ ಖಿನ್ನತೆ ಕವಿಯಿತು. ಜಿ.ಪಿ. ಬರೆದುಕೊಟ್ಟ ಸರ್ಟ್ರಲಿನ್ 100 ಮಿಲಿಗ್ರಾಮಿನಲ್ಲಿ ನಾನು ಮತ್ತೆ ಮನೆಯ ಕೆಲಸಕ್ಕೂ ಮನುಷ್ಯರ ಮಾತಿಗೂ ಮರಳಿದೆ. ಅಷ್ಟರಲ್ಲಿ ತೂಕ 17 ಸ್ಟೋನ್, ಅಂದರೆ ಸುಮಾರು 108 ಕಿಲೋ ಮುಟ್ಟಿತ್ತು. ಸಕ್ಕರೆ ಕಾಯಿಲೆಯೂ ಇತ್ತು. 2022ರ ವಸಂತದಲ್ಲಿ ಬೈಪಾಸ್ ಆಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟ ಔಷಧಗಳ ಪಟ್ಟಿಯಲ್ಲಿ ಸರ್ಟ್ರಲಿನ್ ಹೆಸರೂ ಇತ್ತು. ಸಕ್ಕರೆಯ ಮಾತ್ರೆಯನ್ನು ಹೇಗೆ ಇಳಿಸಬೇಕೆಂಬುದನ್ನು ಬಿಡಿಸಿ ಹೇಳಿದರು, ರಕ್ತದೊತ್ತಡದ್ದನ್ನೂ ಹೇಳಿದರು. ಮನಸ್ಸಿನ ಮಾತ್ರೆಯ ವಿಷಯ ಮಾತ್ರ ಎತ್ತಲಿಲ್ಲ.

ನಾಲ್ಕನೆಯ ವಾರದಲ್ಲಿ ತಲೆ ತಿರುಗಿಸಿದರೆ ಒಳಗೆ ಮಿಂಚು ಹೊಡೆದಂತಾಗತೊಡಗಿತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ, ವಿಚಿತ್ರ ಸ್ವಪ್ನಗಳು, ಕಾರಣವಿಲ್ಲದ ಸಿಡುಕು. ಆರನೆಯ ವಾರದ ಹೊತ್ತಿಗೆ ಸಂಜೆ ದೇವರ ಮುಂದೆ ದೀಪ ಹಚ್ಚುವುದಕ್ಕೂ ಕೈ ಏಳದಾಯಿತು. ನಾನಿಲ್ಲದಿದ್ದರೆ ಮನೆಯವರಿಗೆ ಹಗುರವಾದೀತು ಎಂಬ ಆಲೋಚನೆ ಐದು ವರ್ಷಗಳ ನಂತರ ಮತ್ತೆ ಬಂದು ಕುಳಿತಿತು.

“ಇಷ್ಟು ಕಷ್ಟಪಟ್ಟು ಆಪರೇಷನ್ ಮಾಡಿಸಿಕೊಂಡೆ, ತೂಕವೂ ಇಳೀತಾ ಇದೆ. ಇನ್ನೇನು ಚಿಂತೆ ನಿನಗೆ?” ಎಂದು ಯಜಮಾನರು ಕಳವಳದಿಂದ ಕೇಳಿದರು.

“ಗೊತ್ತಾಗ್ತಾ ಇಲ್ಲ ರೀ” ಎನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ಮೈಸೂರಿನಿಂದ ತಂಗಿ ಫೋನಿನಲ್ಲಿ, “ಅಕ್ಕಾ, ಹೊಟ್ಟೆತುಂಬ ಊಟವಿಲ್ಲದೆ ಇದ್ದರೆ ಯಾರಿಗಾದರೂ ಮಂಕು ಕವಿಯುತ್ತೆ. ಸ್ವಲ್ಪ ದೇವರನಾಮ ಕೇಳು” ಎಂದಳು. ಇಬ್ಬರದೂ ಪ್ರೀತಿಯ ಮಾತೇ. ಆದರೆ ಇಬ್ಬರಿಗೂ ಹೊಳೆಯದ ಸಂಗತಿ ನಮ್ಮ ಬಡಾವಣೆಯ ಫಾರ್ಮಸಿಸ್ಟರಿಗೆ ಹೊಳೆಯಿತು. ತಿಂಗಳ ಔಷಧ ತರಲು ಹೋದಾಗ ನನ್ನ ಮುಖ ನೋಡಿ ಒಳಗಿನ ಕೋಣೆಗೆ ಕರೆದು ಕೂರಿಸಿ, ಆ ಹೆಣ್ಣುಮಗಳು ಮೂರು ಪ್ರಶ್ನೆ ಕೇಳಿದರು: ಯಾವ ಬಗೆಯ ಶಸ್ತ್ರಚಿಕಿತ್ಸೆ, ಎಷ್ಟು ವಾರವಾಯಿತು, ಈ ಮಾತ್ರೆಯನ್ನು ಅಂದಿನಿಂದ ಯಾರಾದರೂ ಪರಿಶೀಲಿಸಿದ್ದಾರೆಯೆ? ದಿನವೂ ನುಂಗುತ್ತಿದ್ದರೂ ನನ್ನ ದೇಹಕ್ಕೆ ಅದು ಅರ್ಧ ನಿಂತುಹೋದಂತೆ ಆಗಿರಬಹುದು, ತಲೆಯೊಳಗಿನ ಮಿಂಚು ಔಷಧ ಥಟ್ಟನೆ ತಗ್ಗಿದಾಗ ಬರುವ ಲಕ್ಷಣವೂ ಆಗಬಹುದು ಎಂದು ಅವರೇ ಜಿ.ಪಿ.ಗೆ ಫೋನು ಮಾಡಿದರು.

ಜಿ.ಪಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ ಬೇರೆ ಕಾರಣಗಳನ್ನು ನೋಡಿದರು. ಆಮೇಲೆ ಪ್ರಮಾಣವನ್ನು 150 ಮಿಲಿಗ್ರಾಮಿಗೆ ಏರಿಸಿ ಎರಡು ವಾರಕ್ಕೊಮ್ಮೆ ಮಾತನಾಡಿಸಿದರು. ಐದಾರು ವಾರಗಳಲ್ಲಿ ಕತ್ತಲೆ ಸರಿಯಿತು. ಆಶ್ಚರ್ಯವೆಂದರೆ ಎಂಟನೆಯ ತಿಂಗಳಲ್ಲಿ ಬೆವರು, ಕೈನಡುಕ, ಕಳವಳಗಳು ಶುರುವಾದವು. ಈ ಸಲ ಔಷಧ ಹೆಚ್ಚಾಗಿದೆಯೆಂದು ವೈದ್ಯರು ತೀರ್ಮಾನಿಸಿ ಕ್ರಮೇಣ ಮತ್ತೆ 100ಕ್ಕೆ ಇಳಿಸಿದರು. ಮೇಲೆ ಹೇಳಿದ ಹನ್ನೆರಡು ಮಂದಿಯ ಕಥೆಯನ್ನು ನಾನು ಓದಿದ್ದು ಆಮೇಲೆ. ಓದುವಾಗ ನನ್ನದೇ ವರ್ಷವನ್ನು ಅಂಕಿಗಳಲ್ಲಿ ಬರೆದಿಟ್ಟಂತೆ ಕಂಡಿತು.

ಔಷಧವನ್ನು ದೇಹಕ್ಕೆ ಒಗ್ಗಿಸಿಕೊಳ್ಳುವ ಬಗೆ

ಶಸ್ತ್ರಚಿಕಿತ್ಸೆಯ ನಂತರ ಮನಸ್ಸು ಕುಗ್ಗಿದರೆ ಎಲ್ಲಕ್ಕೂ ಮಾತ್ರೆಯೇ ಕಾರಣವೆನ್ನಲಾಗದು. ಬಿ-12 ಜೀವಸತ್ವ, ಕಬ್ಬಿಣ ಇವುಗಳ ಕೊರತೆಯೂ ಮನಸ್ಸನ್ನು ಮಂಕಾಗಿಸುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ-12 ಮೊದಲೇ ಕಡಿಮೆಯಿರುವುದುಂಟು; ಬೈಪಾಸಿನ ನಂತರ ಇಲ್ಲಿ ಮೂರು ತಿಂಗಳಿಗೊಮ್ಮೆ ಅದರ ಚುಚ್ಚುಮದ್ದು ಕೊಡುವುದು ರೂಢಿ, ಅದನ್ನು ತಪ್ಪಿಸಬಾರದು. ಸಿಹಿ ತಿಂದ ಒಂದೆರಡು ಗಂಟೆಗಳ ಮೇಲೆ ಕೆಲವರಲ್ಲಿ ರಕ್ತದ ಸಕ್ಕರೆ ಥಟ್ಟನೆ ಕುಸಿದು ಬೆವರು, ನಡುಕ, ಎದೆಬಡಿತ ಬರುತ್ತವೆ. ನೋಡುವವರಿಗೆ ಅದು ಮನಸ್ಸಿನ ಗಾಬರಿಯಂತೆಯೇ ಕಾಣುತ್ತದೆ. ಇದೆಲ್ಲದರ ಜೊತೆಗೆ ನಮ್ಮ ಹೆಣ್ಣುಮಕ್ಕಳಿಗೆ ಅನ್ನವೇ ಸಮಾಧಾನ, ಅನ್ನವೇ ಸಂಬಂಧ. ಫೋಲ್ಸ್‌ಹಿಲ್ ರಸ್ತೆಯ ಮಿಠಾಯಿ ಅಂಗಡಿಯ ಮುಂದೆ ಹಾದುಹೋಗುವುದು, ಮದುವೆಯ ಪಂಕ್ತಿಯಲ್ಲಿ ಎರಡು ತುತ್ತಿಗೆ ಕೈ ತೊಳೆಯುವುದು ಇವೂ ಒಂದು ಬಗೆಯ ಅಗಲಿಕೆಯೇ. ಇವುಗಳಲ್ಲಿ ಯಾವುದು ಎಷ್ಟೆಂದು ಬೇರ್ಪಡಿಸುವುದು ವೈದ್ಯರ ಕೆಲಸ. ಅದಕ್ಕೆ ಬೇಕಾದ ಮಾಹಿತಿ ಒದಗಿಸುವುದು ನಮ್ಮಿಂದ ಆಗುತ್ತದೆ.

ಔಷಧದ ರೂಪವನ್ನು ಕುರಿತು ಫಾರ್ಮಸಿಸ್ಟರಿಂದ ನಾನು ಕಲಿತದ್ದು ಹೀಗಿದೆ. ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳು ಉದ್ದನೆಯ ಕರುಳನ್ನು ನಂಬಿಕೊಂಡಿರುತ್ತವೆ. ಆದ್ದರಿಂದ ಬೈಪಾಸಿನ ನಂತರ ಸಾಧ್ಯವಿದ್ದರೆ ಸಾಮಾನ್ಯ ಮಾತ್ರೆಗೋ ದ್ರವರೂಪಕ್ಕೋ ಬದಲಾಯಿಸುತ್ತಾರೆ. ಫ್ಲೂಕ್ಸೆಟಿನ್ ದ್ರವರೂಪದಲ್ಲಿ ಸಿಗುತ್ತದೆ. ಸಿಟಲೊಪ್ರಾಮ್ ಮತ್ತು ಎಸ್ಸಿಟಲೊಪ್ರಾಮ್ ಹನಿಗಳ ರೂಪದಲ್ಲಿವೆ. ಆದರೆ ಸಿಟಲೊಪ್ರಾಮಿನ 10 ಮಿಲಿಗ್ರಾಂ ಮಾತ್ರೆಗೆ ಸಮನಾದದ್ದು ಹನಿಗಳಲ್ಲಿ 8 ಮಿಲಿಗ್ರಾಂ, ಅಂದರೆ ನಾಲ್ಕು ಹನಿ. ಇಂಥ ಸೂಕ್ಷ್ಮಗಳಿರುವುದರಿಂದಲೇ ಬದಲಾವಣೆ ತಿಳಿದವರ ಕೈಯಲ್ಲಿ ಆಗಬೇಕು. ಕೆಲವು ದ್ರವಗಳಲ್ಲಿ ಸಕ್ಕರೆಯಿರುವುದರಿಂದ ಅದನ್ನೂ ಕೇಳಿ ತಿಳಿಯಬೇಕು. ಹಾಗೆಯೇ ಎಲ್ಲ ಮಾತ್ರೆಗಳನ್ನೂ ಕುಟ್ಟಿ ಪುಡಿ ಮಾಡುವಂತಿಲ್ಲ. ಡುಲೊಕ್ಸೆಟಿನ್ ಕ್ಯಾಪ್ಸೂಲಿನ ಒಳಗಿನ ಕಾಳುಗಳಿಗೆ ಆಮ್ಲದಿಂದ ಕಾಪಾಡುವ ಲೇಪವಿರುತ್ತದೆ; ಅರೆದರೆ ಅದು ಹಾಳಾಗುತ್ತದೆ.

ಹೊಟ್ಟೆ ತೊಳಸುವುದು ಈ ಔಷಧಗಳ ಸಾಮಾನ್ಯ ಉಪದ್ರವ. ಪುಟ್ಟ ಹೊಟ್ಟೆಯವರಿಗೆ ಅದು ಇನ್ನೂ ಕಷ್ಟ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಮಧ್ಯಾಹ್ನದ ನಾಲ್ಕು ತುತ್ತು ಮೊಸರನ್ನದ ನಂತರಕ್ಕೆ ಬದಲಾಯಿಸಿದ್ದರಿಂದ ನನಗೆ ಹಿತವಾಯಿತು. ಇದನ್ನೂ ಕೇಳಿಯೇ ಮಾಡಿದೆ. ಆದರೆ ವಾಂತಿ ಬಿಡದೆ ದಿನಗಟ್ಟಲೆ ನಡೆದರೆ ಅದನ್ನು ಮಾತ್ರೆಯ ತಲೆಗೆ ಕಟ್ಟಿ ಕೂರಬಾರದು. ಥಯಮಿನ್ ಎಂಬ ಬಿ-1 ಜೀವಸತ್ವ ಬರಿದಾಗಿ ಮೆದುಳಿಗೇ ಅಪಾಯವಾಗಬಹುದಾದ್ದರಿಂದ ತಕ್ಷಣ ಆಸ್ಪತ್ರೆಗೆ ತಿಳಿಸಬೇಕು.

ಇನ್ನೆರಡು ಎಚ್ಚರಿಕೆಗಳು. ಊರಿಗೆ ಹೋದಾಗ ನಮ್ಮವರು ತಪ್ಪದೆ ತರುವ ಕಾಂಬಿಫ್ಲಾಮ್ ಮಾತ್ರೆಯಲ್ಲಿ ಐಬುಪ್ರೊಫೆನ್ ಇದೆ. ಬೈಪಾಸ್ ಆದವರಿಗೆ ಐಬುಪ್ರೊಫೆನ್ ಕುಲದ ನೋವಿನ ಮಾತ್ರೆ ಹುಣ್ಣು ತರಬಲ್ಲದು; ಖಿನ್ನತೆಯ ಈ ಔಷಧಗಳು ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತವೆ. ಎರಡೂ ಕೂಡಿದರೆ ಅಪಾಯ ದೊಡ್ಡದು. ಎರಡನೆಯದಾಗಿ, ಶಸ್ತ್ರಚಿಕಿತ್ಸೆಯ ನಂತರ ಹುಣ್ಣಾಗದಂತೆ ಕೊಡುವ ಒಮೆಪ್ರಝೋಲ್ ಔಷಧವು ಸಿಟಲೊಪ್ರಾಮ್, ಎಸ್ಸಿಟಲೊಪ್ರಾಮ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು. ಹೆಚ್ಚಾದ ಸಿಟಲೊಪ್ರಾಮ್ ಹೃದಯದ ಲಯಕ್ಕೆ ಒಳ್ಳೆಯದಲ್ಲವೆಂದು 2011ರಲ್ಲಿಯೇ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿ, ಗರಿಷ್ಠ ಪ್ರಮಾಣವನ್ನು ತಗ್ಗಿಸಿತು. ಆದ್ದರಿಂದ ಬೈಪಾಸ್ ಆದವರಿಗೆಲ್ಲ ಔಷಧ ಹೆಚ್ಚು ಬೇಕೆಂಬ ಸುಲಭ ಸೂತ್ರವೂ ಸರಿಯಲ್ಲ.

ಈ ಔಷಧಗಳ ಮಟ್ಟವನ್ನು ರಕ್ತದಲ್ಲಿ ಅಳೆಯುವುದು ನಿತ್ಯದ ಪದ್ಧತಿಯಲ್ಲಿ ಇಲ್ಲ. ಹಾಗಾಗಿ ಅಳತೆಗೋಲು ನಮ್ಮ ಅನುಭವವೇ. ಜಿ.ಪಿ.ಗಳು ಬಳಸುವ ಪಿ.ಎಚ್.ಕ್ಯು.-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯೊಂದಿದೆ. ಅದರ ಕನ್ನಡ ರೂಪವೂ ಉಂಟು. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಉತ್ಸಾಹ, ಬದುಕಿನ ಬಗೆಗಿನ ಭಾವನೆ ಹೇಗಿದ್ದವೆಂದು ಗುರುತು ಹಾಕಿದರೆ 0ಯಿಂದ 27ರವರೆಗೆ ಒಂದು ಅಂಕ ಬರುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೊಮ್ಮೆ, ಆಮೇಲೆ ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ ಅದನ್ನು ತುಂಬಿ ದಿನಾಂಕ ಹಾಕಿಟ್ಟರೆ, “ಏನೋ ಸರಿಯಿಲ್ಲ” ಎಂಬ ಅಸ್ಪಷ್ಟ ಮಾತಿಗೆ ಬದಲಾಗಿ ವೈದ್ಯರ ಕೈಗೆ ಒಂದು ಲೆಕ್ಕ ಕೊಟ್ಟಂತಾಗುತ್ತದೆ.

ಮುಚ್ಚಿಡುವುದರ ಬೆಲೆ

ಮನಸ್ಸಿನ ನೋವು ನಾವು ಸಮುದ್ರ ದಾಟಿದ ಮೇಲೆ ಅಂಟಿಕೊಂಡ ಪಾಶ್ಚಾತ್ಯ ಕಾಯಿಲೆಯೆಂದು ವಾದಿಸುವವರು ಇನ್ನೂ ಇದ್ದಾರೆ. ಅವರಿಗೆ ಕರಾವಳಿಯ ಕೋಟ ಗ್ರಾಮದ ಅಧ್ಯಯನವನ್ನು ನೆನಪಿಸಬೇಕು. ಮನೋವೈದ್ಯರಾದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಅಲ್ಲಿನ ಜನರ ಮನಸ್ಸಿನ ಸ್ಥಿತಿಯನ್ನು ವಿಚಾರಿಸಿ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಕಾರ್‌ಸ್ಟೇರ್ಸ್ ಅವರು ಇದೇ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಲ್ಲಿದ್ದರು. ಕಪೂರ್ ಅವರು ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಯಕ್ಷಗಾನಕ್ಕೂ ಶಿವರಾಮ ಕಾರಂತರ ಹೆಸರಿಗೂ ನಾವು ನೆನೆಯುವ ಊರಿನಲ್ಲಿಯೂ ಮನಸ್ಸಿನ ಸಂಕಟ ಮನೆಮನೆಯಲ್ಲಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳ ಕಾಲ ಸರಳ ಕನ್ನಡದಲ್ಲಿ ಈ ವಿಷಯವನ್ನು ಬರೆದು ತಿಳಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಷ್ಟಾದರೂ ಸೀರೆಗಳ ಹಿಂದಿನ ಪೊಟ್ಟಣ ಅಲ್ಲಿಯೇ ಉಳಿದಿರುವುದು ವಿಷಾದದ ಸಂಗತಿ.

ಸಾಮಾನ್ಯ ಕಾಲದಲ್ಲಿ ಆ ಗುಟ್ಟಿನಿಂದ ಸಂಕೋಚವಷ್ಟೇ ಉಂಟಾದೀತು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಅದರಿಂದ ಪ್ರಾಣಾಪಾಯವೂ ಒದಗಬಹುದು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಶಸ್ತ್ರಚಿಕಿತ್ಸೆಯಾದ 8,815 ಮಂದಿಯನ್ನು ಮುಂಚಿನ ಮೂರು ವರ್ಷ, ನಂತರದ ಮೂರು ವರ್ಷ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಅಚ್ಚಾಯಿತು. ಸ್ವಂತ ಪ್ರಾಣಕ್ಕೆ ಕೇಡು ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬರುವ ಪ್ರಸಂಗಗಳು ನಂತರದ ಅವಧಿಯಲ್ಲಿ ಸುಮಾರು ಒಂದೂವರೆ ಪಟ್ಟು ಆಗಿದ್ದವು. ಅಂಥವರು ಒಟ್ಟು 111 ಮಂದಿ, ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಂದ ಮನಸ್ಸು ಹಗುರಾಗುತ್ತದೆ ಎಂಬುದೂ ನಿಜ. ಆದರೆ ಆ ಒಬ್ಬರು ನಮ್ಮ ಮನೆಯವರಾಗಿದ್ದರೆ ನೂರರ ಲೆಕ್ಕದಿಂದ ಏನು ಸಮಾಧಾನ?

ಸರತಿಯ ದೀರ್ಘ ಕಾಯುವಿಕೆಗೆ ಬೇಸತ್ತು ಬೆಂಗಳೂರಿಗೋ ತುರ್ಕಿಗೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವವರಿದ್ದಾರೆ. ಇಲ್ಲಿ ಮಾಡಿಸಿಕೊಂಡರೆ ಕನಿಷ್ಠ ಎರಡು ವರ್ಷ ಆ ತಂಡವೇ ನೋಡಿಕೊಂಡು, ಆಮೇಲೆ ಜಿ.ಪಿ.ಯೊಡನೆ ವರ್ಷಕ್ಕೊಮ್ಮೆ ತಪಾಸಣೆ ನಡೆಸಬೇಕೆಂಬ ನಿಯಮವಿದೆ. ಹೊರಗೆ ಮಾಡಿಸಿಕೊಂಡವರಿಗೆ ಆ ಆಸರೆ ತಾನಾಗಿ ಒದಗುವುದಿಲ್ಲ. ಅವರು ಯಾವ ಶಸ್ತ್ರಚಿಕಿತ್ಸೆಯಾಯಿತೆಂಬ ಪತ್ರವನ್ನೂ ಔಷಧಗಳ ಪೂರ್ಣ ಪಟ್ಟಿಯನ್ನೂ ಬರೆಸಿ ತಂದು ತಮ್ಮ ಜಿ.ಪಿ.ಗೆ ಕೊಡುವುದು ಅತ್ಯಗತ್ಯ. ಊರಿನ ವೈದ್ಯರ ಮುಂದೆ ಅತ್ತೆಯೋ ನಾದಿನಿಯೋ ಪಕ್ಕದಲ್ಲಿ ಕುಳಿತಿರುತ್ತಾರೆಂಬ ಸಂಕೋಚಕ್ಕೆ ಮನಸ್ಸಿನ ಮಾತ್ರೆಯ ಹೆಸರು ಆ ಪಟ್ಟಿಯಿಂದ ಬಿಟ್ಟುಹೋಗುವುದುಂಟು. ವೈದ್ಯರೊಡನೆ ಒಂಟಿಯಾಗಿ ಐದು ನಿಮಿಷ ಕೇಳಿ ಪಡೆಯುವುದು ಪ್ರತಿಯೊಬ್ಬ ರೋಗಿಯ ಹಕ್ಕು. ಮನೆಯವರು ತಾವಾಗಿಯೇ ಎದ್ದು ಹೊರಗೆ ಹೋದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಮ್ಮೇಳನಕ್ಕೆ ದೇಶ ದೇಶಗಳಿಂದ ಬಂದ ಓದುಗರ ಅನುಕೂಲಕ್ಕೆ ಕೆಲವು ಸಂಖ್ಯೆಗಳನ್ನು ಕೊಡುತ್ತೇನೆ. ಬ್ರಿಟನ್ನಿನಲ್ಲಿ ಸಮಾರಿಟನ್ಸ್ ಸಂಸ್ಥೆಯ 116 123 ಹಗಲೂ ರಾತ್ರಿ ಉಚಿತ. ಇಂಗ್ಲೆಂಡಿನಲ್ಲಿ 111ಕ್ಕೆ ಕರೆ ಮಾಡಿ ಎರಡನ್ನು ಒತ್ತಿದರೆ ಮಾನಸಿಕ ತುರ್ತಿಗೆ ನೆರವು ಸಿಗುತ್ತದೆ. ಅಮೆರಿಕದಲ್ಲಿ 988. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416; ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಇಂಗ್ಲೆಂಡಿನ ಎನ್.ಎಚ್.ಎಸ್. ಟಾಕಿಂಗ್ ಥೆರಪೀಸ್ ಸೇವೆಗೆ ಜಿ.ಪಿ.ಯ ಪತ್ರವಿಲ್ಲದೆ ನೀವೇ ಹೆಸರು ಕೊಡಬಹುದು.

ಶಸ್ತ್ರಚಿಕಿತ್ಸೆಗೆ ಹೊರಟಿರುವ ಸಹೋದರ ಸಹೋದರಿಯರು ತಮ್ಮ ವೈದ್ಯರನ್ನು ನೇರವಾಗಿ ಕೇಳಬೇಕಾದದ್ದು ಇಷ್ಟೆ: ನನ್ನ ಮನಸ್ಸಿನ ಮಾತ್ರೆಯ ರೂಪ ಬದಲಾಗಬೇಕೆ? ಮೊದಲ ಆರು ತಿಂಗಳು ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತಾರೆ? ಮನಸ್ಸು ಕುಸಿದರೆ ಯಾರಿಗೆ ಫೋನು ಮಾಡಲಿ? ಇನ್ನು ಆಪ್ತರು ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಾಗ ನೋಡಲು ಹೋಗುವ ನಾವು, ಎಷ್ಟು ಕಿಲೋ ಇಳಿಯಿತೆಂದು ವಿಚಾರಿಸುವಷ್ಟೇ ಸಹಜವಾಗಿ ಮನಸ್ಸು ಹೇಗಿದೆಯೆಂದೂ ವಿಚಾರಿಸೋಣ. ಉತ್ತರ ಬರುವವರೆಗೆ ತುಸು ಹೊತ್ತು ಸುಮ್ಮನೆ ಕುಳಿತಿರೋಣ. ಈ ಅಭ್ಯಾಸ ನಮ್ಮ ಕನ್ನಡ ಬಳಗಗಳಲ್ಲಿ ಬೇರೂರಲೆಂದು ಹಾರೈಸುತ್ತೇನೆ.